ರುದ್ರಸ್ವಾಮಿಯವರು ಒರೆಸಿದ ಡಿಸ್ಕು

ಒಂಟಿಕೊಪ್ಪಲಿನ ರುದ್ರಸ್ವಾಮಿಯವರು ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೂತಿದ್ದವರು. ಆ ಕೋಣೆಯ ಕಡತಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಾಮುಂಡಿಬೆಟ್ಟವೇ ಕತ್ತೆತ್ತಿ ನೋಡಬೇಕಾಗುತ್ತಿತ್ತು. ಇವರು ಕಣ್ಣು ಮುಚ್ಚಿ ಕೈ ಚಾಚಿದರೆ ಸಾಕು, ಯಾವ ಕಾಲದ್ದೋ ಕೆಂಪು ಬಟ್ಟೆಯ ಗಂಟು ತಾನಾಗಿ ಬಂದು ಅಂಗೈ ಮೇಲೆ ಕೂರುತ್ತಿತ್ತು. ಜಿರಳೆಗಳು ಸಹ ಇವರ ಅಪ್ಪಣೆ ಪಡೆದೇ ಒಂದು ಬೀರುವಿನಿಂದ ಇನ್ನೊಂದಕ್ಕೆ ವರ್ಗವಾಗುತ್ತಿದ್ದವು ಎಂದು ಕಚೇರಿಯವರು ಹೇಳುತ್ತಿದ್ದರು. ಅದರಲ್ಲಿ ಅರ್ಧ ಸುಳ್ಳೆಂದು ಕಳೆದರೂ ಉಳಿದರ್ಧ ಒಬ್ಬ ಮನುಷ್ಯನಿಗೆ ಧಾರಾಳವಾಯಿತು.

ಅವರು ನಂಬಿದ್ದು ಒಂದೇ ಶಾಸ್ತ್ರವನ್ನು. ಒಂದು ಕಾಗದ ಒಂದೇ ಕಡೆ ಇರಬೇಕು. ಎರಡು ಕಡೆ ಸಿಕ್ಕಿತೆಂದರೆ ಅದರಲ್ಲೊಂದು ಖೋಟಾ.

ನಿವೃತ್ತಿಯಾದ ಮೇಲೆ ಮೂರು ತಿಂಗಳು ಅವರು ಮನೆಯ ಬೇಳೆ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿದರು. ಹೆಂಡತಿ ಗಿರಿಜಾಂಬಾ ಸಹಿಸಿದರು. ನಾಲ್ಕನೆಯ ತಿಂಗಳು ದೇವರ ಪಟಗಳಿಗೆ ನಂಬರು ಬರೆಯಲು ಹೊರಟಾಗ ಆಕೆ ಮಗ ಶಿವಕಿರಣನಿಗೆ, "ನಿಮ್ಮಪ್ಪಂಗೆ ಏನಾದ್ರೂ ತಂದ್ಕೊಡೋ, ಇಲ್ಲಾಂದ್ರೆ ನನಗೂ ಒಂದು ನಂಬರ್ ಅಂಟಿಸ್ಬುಡ್ತಾರೆ" ಎಂದರು. ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆ ಏರಿಸಿ ಇಳಿಸುವ ಕೆಲಸದ ಶಿವಕಿರಣ ಒಂದು ಕಂಪ್ಯೂಟರ್ ತಂದಿಟ್ಟ.

ಅದರೊಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಪರದೆ ಕಣ್ಣಿಗೆ ಬಿದ್ದ ದಿನ ರುದ್ರಸ್ವಾಮಿಯವರು ಕುರ್ಚಿಯಿಂದ ಎದ್ದು ನಿಂತರಂತೆ. ಸಾಲುಸಾಲಾಗಿ ಡಿಸ್ಕುಗಳು, ಒಂದೊಂದರಲ್ಲೂ ಅಗಲ ಅಗಲ ಖಾನೆಗಳು, ಖಾನೆಗೊಂದು ಅಕ್ಷರ, ಎಷ್ಟು ತುಂಬಿದೆ ಎಷ್ಟು ಖಾಲಿ ಎಂಬ ವಿವರ. ಅದೇ ರೆಕಾರ್ಡ್ ರೂಮು, ದೂಳಿಲ್ಲ, ಜಿರಳೆಯಿಲ್ಲ, ಮೇಲಧಿಕಾರಿಯೂ ಇಲ್ಲ. ವರ್ಷದೊಳಗೆ ಅವರು ಸಿ ಖಾನೆಯನ್ನು ಕುಗ್ಗಿಸಿ ಡಿ ಖಾನೆಯನ್ನು ಹಿಗ್ಗಿಸುವುದನ್ನು ಕಲಿತರು. ಎರಡು ವರ್ಷದೊಳಗೆ ಒಂಟಿಕೊಪ್ಪಲಿನಲ್ಲಿ ಅವರು ಖಾನೆ ಮಾಡದ ಕಂಪ್ಯೂಟರ್ ಉಳಿಯಲಿಲ್ಲ. ಬಿಟ್ಟಿದ್ದರೆ ಕುಕ್ಕರಹಳ್ಳಿ ಕೆರೆಯನ್ನೂ ಮೂರು ಪಾಲು ಮಾಡಿ ಒಂದೊಂದಕ್ಕೆ ಅಕ್ಷರ ಕೊಟ್ಟುಬಿಡುತ್ತಿದ್ದರು. ಯಾರಾದರೂ ಹೊರಗಿನ ಸಾಫ್ಟ್‌ವೇರ್ ಹೆಸರೆತ್ತಿದರೆ, "ಮನೇಲೇ ಪೊರಕೆ ಇರ್ಬೇಕಾದ್ರೆ ಪಕ್ಕದ ಮನೇದು ಯಾಕ್ರೀ? ಎಲ್ಲಾ ಒಳಗಡೇನೇ ಇಟ್ಟವ್ರೆ" ಎನ್ನುತ್ತಿದ್ದರು.

ಆಮೇಲೆ ಅವರಿಗೆ ಬಣ್ಣದ ಪರದೆಯೂ ಸಪ್ಪೆಯಾಯಿತು. ಅದು ಹೊಸದಾಗಿ ಸೇರಿದ ಗುಮಾಸ್ತನ ಹಾಗೆ ಪ್ರತಿಯೊಂದಕ್ಕೂ "ಇದರಲ್ಲಿರುವುದೆಲ್ಲ ಹೋಗುತ್ತದೆ, ಖಂಡಿತವೇ?" ಎಂದು ಕೇಳುತ್ತಿತ್ತು. ಅವರು ಬರೀ ಅಕ್ಷರ ಬರೆದು ಅಪ್ಪಣೆ ಕೊಡುವ ಕಪ್ಪು ಕಿಟಕಿಗೆ ಬಡ್ತಿ ಪಡೆದರು. ಡಿಸ್ಕ್‌ಪಾರ್ಟ್ ಎಂದು ಟೈಪು ಮಾಡಿ, ಇಂಥ ನಂಬರಿನ ಡಿಸ್ಕು ಎಂದು ಆರಿಸಿ, ಕ್ಲೀನ್ ಎಂದು ಬರೆದರೆ ಮುಗಿಯಿತು, ಇಡೀ ಡಿಸ್ಕು ಖಾಲಿ. ಅದು ಏನನ್ನೂ ಕೇಳುವುದಿಲ್ಲ. ಹೇಳಿದ್ದನ್ನು ಮಾಡಿ ಕೈ ಕಟ್ಟಿ ನಿಲ್ಲುತ್ತದೆ. "ಹಳೇ ಕಾಲದ ಜವಾನ ಕಣ್ರೀ ಅದು" ಎಂದು ಅವರು ಅದನ್ನು ಮೆಚ್ಚಿಕೊಂಡಿದ್ದರು.

ಸೊಸೆ ಹೇಮಶ್ರೀ ಅದೇ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುತ್ತಿದ್ದಳು. ಮದುವೆ ಬ್ಲೌಸುಗಳಿಗೆ ಹಂಸ, ನವಿಲು, ಮಾವಿನಕಾಯಿ, ಬಳ್ಳಿಗಳನ್ನು ಮೊದಲು ಪರದೆಯ ಮೇಲೆ ಬರೆದು, ಆಮೇಲೆ ಪೆನ್‌ಡ್ರೈವಿನಲ್ಲಿ ಹೊಲಿಗೆ ಯಂತ್ರಕ್ಕೆ ಕೊಡುವ ಕೆಲಸ. ಆರು ವರ್ಷದಲ್ಲಿ ಅವಳು ಬರೆದ ಎರಡು ಸಾವಿರಕ್ಕೂ ಮೇಲ್ಪಟ್ಟ ಚಿತ್ತಾರಗಳು ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ಒಂದು ಕಪ್ಪು ಡಿಸ್ಕಿನಲ್ಲಿದ್ದವು. ಒಮ್ಮೆ ಅವಳು, "ಮಾವ, ಇದನ್ನ ಇನ್ನೊಂದು ಕಡೆ ಕಾಪಿ ಮಾಡಿಡೋಣ್ವಾ?" ಎಂದು ಕೇಳಿದ್ದಳು. ರುದ್ರಸ್ವಾಮಿಯವರು ಶಾಸ್ತ್ರ ಹೇಳಿದರು. "ಎರಡು ಕಡೆ ಇಟ್ರೆ ಯಾವ್ದು ಅಸಲು, ಯಾವ್ದು ನಕಲು ಅಂತ ನಾಳೆ ನೀನೇ ತಲೆ ಚಚ್ಕೋತೀಯ ಕಣಮ್ಮ. ಒಂದೇ ಕಡೆ ಇರ್ಲಿ. ನಾನಿದೀನಲ್ಲ." ಪೆನ್‌ಡ್ರೈವಿನದ್ದನ್ನೂ ಹೊಲಿದಾದ ಕೂಡಲೇ ಅಳಿಸುವ ಅಭ್ಯಾಸ ಮಾಡಿಸಿದ್ದು ಅವರೇ. ಮಾವ ಇದ್ದಾರಲ್ಲ ಎಂದು ಅವಳು ನೆಮ್ಮದಿಯಾಗಿದ್ದಳು.

ಈ ಸಲದ ದಸರೆಗೆ ಅವಳ ಕೈಯಲ್ಲಿದ್ದದ್ದು ಹಿಂದಿನ ಬೀದಿಯ ಲಾಸ್ಯ ಎಂಬ ಹುಡುಗಿಯ ಧಾರೆ ಬ್ಲೌಸು. ಹನ್ನೊಂದು ದಿನ ಕೂತು ಬರೆದ ಹಂಸದ ಸಾಲು. ಹಬ್ಬದ ಮುನ್ನಾದಿನಕ್ಕೆ ಬಲತೋಳು ಮುಗಿದಿತ್ತು, ಎಡತೋಳನ್ನು ಹಬ್ಬ ಕಳೆದ ಮೇಲೆ ಹೊಲಿಯುವುದೆಂದು ಬಿಟ್ಟಿದ್ದಳು. ಮದುವೆಗೆ ಹದಿನೈದು ದಿನವಿತ್ತು.

ಆಯುಧಪೂಜೆಯ ದಿನ ಮೈಸೂರಿನಲ್ಲಿ ಒದ್ದೆ ಬಟ್ಟೆ ತಾಗದ ಕಬ್ಬಿಣ ಇರುವುದಿಲ್ಲ. ಸ್ಕೂಟರು, ಎಂಬ್ರಾಯ್ಡರಿ ಯಂತ್ರ, ಕತ್ತರಿ, ಈಳಿಗೆಮಣೆ, ಮಿಕ್ಸಿ, ಎಲ್ಲಕ್ಕೂ ಸ್ನಾನ, ವಿಭೂತಿ, ಕುಂಕುಮ. ರುದ್ರಸ್ವಾಮಿಯವರು ಮನೆಯಲ್ಲಿದ್ದ ಅಂಥ ಎರಡು ಡಿಸ್ಕುಗಳನ್ನೂ ಕಿತ್ತು ತಂದರು. ಒಂದು ಅವರದು, ಒಂದು ಹೇಮಶ್ರೀಯದು. ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ಅಳತೆ, ಒಂದೇ ಗರ್ಭದಲ್ಲಿ ಹುಟ್ಟಿದ ಅವಳಿಗಳ ಹಾಗೆ. ಗುರುತಿಗೆಂದು ಅವರೇ ರೆಕಾರ್ಡ್ ರೂಮಿನ ಪದ್ಧತಿಯಂತೆ ಮೈದಾ ಗೋಂದಿನಲ್ಲಿ ಚೀಟಿ ಅಂಟಿಸಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಎರಡು ಚೀಟಿಯೂ ಬಟ್ಟೆಗೆ ಬಂದವು.

"ಅಯ್ಯೋ, ಯಾವ್ದು ಯಾರದ್ದು ಈಗ?" ಎಂದರು ಗಿರಿಜಾಂಬಾ.

"ನನ್ನ ಕೈಗೆ ಗೊತ್ತು ಬುಡು" ಎಂದರು ರುದ್ರಸ್ವಾಮಿ. ಮೂರು ಬೆರಳಲ್ಲಿ ಎರಡಕ್ಕೂ ವಿಭೂತಿ ಎಳೆದು ದೇವರ ಮುಂದಿಟ್ಟರು.

ಮರುದಿನ ವಿಜಯದಶಮಿ. ಹೊಸ ಕೆಲಸ ಹಿಡಿಯಲು ಒಳ್ಳೆಯ ದಿನ. ತಮ್ಮ ಡಿಸ್ಕನ್ನು ಪೂರ್ತಿ ಒರೆಸಿ, ತಾವು ಕೂಡಿಟ್ಟ ಪ್ರವಚನದ ವಿಡಿಯೋಗಳಿಗೊಂದು, ಫೋಟೋಗೊಂದು, ಪಿಂಚಣಿ ಕಾಗದಕ್ಕೊಂದು ಎಂದು ಮೂರು ಹೊಸ ಖಾನೆ ಮಾಡಬೇಕೆಂಬುದು ಅವರ ಬಹಳ ದಿನದ ಆಸೆ. ಅದಕ್ಕಾಗಿ ತಮ್ಮದನ್ನೆಲ್ಲ ಮುಂಚೆಯೇ ಕಂಪ್ಯೂಟರಿನ ಡಿ ಖಾನೆಗೂ ಕಾಪಿ ಮಾಡಿಟ್ಟುಕೊಂಡಿದ್ದರು. ಎರಡು ಕಡೆ ಇರಬಾರದೆಂಬ ಶಾಸ್ತ್ರವನ್ನು ತಮ್ಮ ಕಾಗದಗಳ ಮಟ್ಟಿಗೆ ಸಡಿಲಿಸಿದ್ದರು.

ಮನೆಯವರೆಲ್ಲ ಟಿವಿಯಲ್ಲಿ ಜಂಬೂಸವಾರಿ ನೋಡುತ್ತಿದ್ದರು. ಒಳಕೋಣೆಯಲ್ಲಿ ಇವರು ಎರಡು ಡಿಸ್ಕುಗಳನ್ನೂ ಸಿಕ್ಕಿಸಿ, ಕಪ್ಪು ಕಿಟಕಿ ತೆರೆದು, ತಮ್ಮ ಹಳೆಯ ಡೈರಿ ನೋಡಿದರು. ಡಿಸ್ಕ್ ಒಂದು ನನ್ನದು, ಡಿಸ್ಕ್ ಎರಡು ಹೇಮಾಳದು ಎಂದು ಅವರದೇ ದುಂಡು ಅಕ್ಷರದಲ್ಲಿ ಬರೆದಿತ್ತು. ರೆಕಾರ್ಡ್ ರೂಮಿನಲ್ಲಿ ಬೀರುವಿನ ನಂಬರು ಬೀರುವಿನ ಮೈಮೇಲೇ ಇರುತ್ತದೆ, ಸಾಯುವವರೆಗೂ ಬದಲಾಗುವುದಿಲ್ಲ. ಕಂಪ್ಯೂಟರಿನಲ್ಲಿ ಹಾಗಲ್ಲ. ಯಾರು ಮೊದಲು ಬಂದು ಸಾಲಿನಲ್ಲಿ ನಿಂತರೋ ಅವರಿಗೆ ಒಂದು, ಆಮೇಲೆ ಬಂದವರಿಗೆ ಎರಡು. ಅವತ್ತು ಮೊದಲು ನಿಂತಿದ್ದು ಹೇಮಶ್ರೀಯ ಡಿಸ್ಕು. ಅಳತೆ ನೋಡಿದರೆ ಎರಡೂ ಒಂದೇ. ಅವರು ಒಂದನೇ ನಂಬರನ್ನು ಆರಿಸಿ, ಕ್ಲೀನ್ ಎಂದು ಬರೆದರು. ಹಳೇ ಕಾಲದ ಜವಾನ ಏನನ್ನೂ ಕೇಳಲಿಲ್ಲ.

ಮೂರು ಖಾನೆಯಾಯಿತು. ರುದ್ರ ಪ್ರವಚನ, ರುದ್ರ ಫೋಟೋ, ರುದ್ರ ಪಿಂಚಣಿ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟು ಪ್ರವಚನಗಳನ್ನು ತುಂಬಿಸಲು ಹಚ್ಚಿದರು. ಅದು ತುಂಬುತ್ತಿರುವಾಗ, ಹೇಮಾಳ ಹೊಸ ಹಂಸ ಹೇಗಿದೆ ನೋಡೋಣವೆಂದು ಇನ್ನೊಂದು ಡಿಸ್ಕನ್ನು ತೆರೆದರು.

ಅದರಲ್ಲಿ ಅವರ ನಂಜನಗೂಡು ಯಾತ್ರೆಯ ಫೋಟೋಗಳಿದ್ದವು. ಅವರ ಪಿಂಚಣಿ ಆದೇಶವಿತ್ತು. ಕಳೆದ ವರ್ಷದ ಅವರ ಸಕ್ಕರೆ ಕಾಯಿಲೆಯ ರಿಪೋರ್ಟಿತ್ತು. ಒಂದೇ ಒಂದು ಹಂಸ ಇರಲಿಲ್ಲ.

ಟಿವಿಯಲ್ಲಿ ಇಪ್ಪತ್ತೊಂದು ಕುಶಾಲತೋಪು ಹಾರಿದವು. ಅಷ್ಟೂ ತಮ್ಮ ಎದೆಯೊಳಗೇ ಹಾರಿದಂತಾಯಿತು ರುದ್ರಸ್ವಾಮಿಯವರಿಗೆ. ಆ ಕ್ಷಣದಲ್ಲಿ ಎದ್ದು ಹೋಗಿ "ಹೇಮಾ, ತಪ್ಪಾಯ್ತು" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಒಂಟಿಕೊಪ್ಪಲಿನ ಡಿಸ್ಕುಗಳಿಗೆಲ್ಲ ಪಂಡಿತರಾದವರು ಎದ್ದು ಹೋಗುವುದು ಅಷ್ಟು ಸುಲಭವಲ್ಲ. ಅವರ ಕೈ ಅವರಿಗೆ ತಿಳಿಯದ ಹಾಗೆ ಮತ್ತೆ ಕಪ್ಪು ಕಿಟಕಿಗೆ ಹೋಯಿತು. ತಮ್ಮ ಹೆಸರಿನ ಮೂರು ಖಾನೆಗಳೂ ಕಾಣದಂತೆ ಇನ್ನೊಮ್ಮೆ ಕ್ಲೀನ್ ಎಂದು ಬರೆದರು. ಮೊದಲನೆಯದು ತಪ್ಪು. ಎರಡನೆಯದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹೇಮಶ್ರೀ ಕೂಗಿದಳು. "ಮಾವ, ಡಿಸ್ಕಲ್ಲಿ ಏನೂ ಇಲ್ಲ! ಹೊಸದಾಗಿ ಶುರು ಮಾಡ್ಬೇಕಾ ಅಂತ ಕೇಳ್ತಿದೆ!"

ರುದ್ರಸ್ವಾಮಿಯವರು ಬಂದು ಕನ್ನಡಕ ಹಾಕಿಕೊಂಡು, ಅದನ್ನೇ ಮೊದಲ ಸಲ ನೋಡುವವರಂತೆ ನೋಡಿದರು. ಬೆಂಗಳೂರಿನ ನಾಟಕ ಕಂಪನಿಗಳಲ್ಲಿ ಯಾರೂ ಅಷ್ಟು ಚೆನ್ನಾಗಿ ನೋಡಿರಲಾರರು.

"ಕೆಟ್ಟೋಗಿರ್ಬೇಕು ಕಣಮ್ಮ."

"ಮೊನ್ನೆ ತನಕ ಚೆನ್ನಾಗಿತ್ತಲ್ಲ?"

"ಹಬ್ಬಕ್ಕೆ ಮುಂಚೆ ಶಿವರಾಮು ಸರ್ವಿಸ್ ಮಾಡಿದ್ನಲ್ಲ..." ಎಂದರು. ಅಷ್ಟೇ. ಮಾತನ್ನು ಪೂರ್ತಿ ಕೂಡ ಮಾಡಲಿಲ್ಲ. ಪೂರ್ತಿ ಮಾಡದ ಮಾತಿಗೆ ನಾಲ್ಕು ಕಾಲು, ತಾನಾಗಿ ಓಡುತ್ತದೆ.

ಶಿವರಾಮು ಉದಯಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ನಲವತ್ತರ ಆಸುಪಾಸು, ಮಾತು ಕಡಿಮೆ. ರುದ್ರಸ್ವಾಮಿಯವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಹಬ್ಬದ ಮುನ್ನಾದಿನ ಸಂಜೆ ಮನೆಗೆ ಬಂದು ಎರಡೂ ಕಂಪ್ಯೂಟರಿನ ದೂಳು ತೆಗೆದು ಕೊಟ್ಟಿದ್ದ, ಬೇರೇನೂ ಮುಟ್ಟಿರಲಿಲ್ಲ. ಹೇಮಶ್ರೀ ಸ್ಕೂಟರ್ ತೆಗೆದಳು. ಮಾವ ಹಿಂದೆ ಕೂತರು. ದಾರಿಯುದ್ದಕ್ಕೂ ಡಿಸ್ಕು ಅವರ ಮಡಿಲಲ್ಲಿತ್ತು, ಕಲ್ಲು ಗುಂಡಿನಷ್ಟು ಭಾರವಾಗಿತ್ತು.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಹೇಮಶ್ರೀ ಯಾರನ್ನೂ ಲೆಕ್ಕಿಸಲಿಲ್ಲ.

"ಶಿವರಾಮಣ್ಣ, ಏನ್ ಮಾಡ್ಬುಟ್ರಿ ನನ್ ಡಿಸ್ಕಿಗೆ?"

"ನಾನೇನ್ ಮಾಡ್ದೆ ಕಣಮ್ಮ? ತನ್ನಿ ನೋಡ್ತೀನಿ."

ಶಿವರಾಮು ಡಿಸ್ಕನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ, ಅಳಿಸಿದ್ದನ್ನು ಹುಡುಕುವ ಯಾವುದೋ ಸಾಧನವನ್ನು ಓಡಿಸಿದ. ಪರದೆ ಅವನ ಕಡೆಗಿತ್ತು. ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತ ರುದ್ರಸ್ವಾಮಿಯವರಿಗೂ ಕಾಣುತ್ತಿತ್ತು. ಈಚೆ ನಿಂತ ಹೇಮಶ್ರೀಗೆ ಕಾಣುತ್ತಿರಲಿಲ್ಲ. ಕಾಲು ಗಂಟೆಯಾದ ಮೇಲೆ, ಅಳಿಸಿಹೋದ ಖಾನೆಗಳ ಗುರುತುಗಳು ಒಂದೊಂದಾಗಿ ಮೇಲೆದ್ದವು. ರುದ್ರ ಪ್ರವಚನ. ರುದ್ರ ಫೋಟೋ. ರುದ್ರ ಪಿಂಚಣಿ. ಎದುರಿಗೆ ವಿಜಯದಶಮಿಯ ತಾರೀಕು.

ಶಿವರಾಮು ಓದಿದ. ನಿಧಾನವಾಗಿ ತಲೆಯೆತ್ತಿ ರುದ್ರಸ್ವಾಮಿಯವರನ್ನು ನೋಡಿದ. ಅವರು ಅಂಗಡಿಯ ಸೀಲಿಂಗ್ ಫ್ಯಾನನ್ನು ನೋಡುತ್ತಿದ್ದರು. ಅದು ತಿರುಗುತ್ತಿರಲಿಲ್ಲ.

"ಏನಾಗಿದೆ ಹೇಳಿ" ಎಂದಳು ಹೇಮಶ್ರೀ.

ಶಿವರಾಮು ಪರದೆಯನ್ನು ಇನ್ನಷ್ಟು ತನ್ನ ಕಡೆಗೆ ತಿರುಗಿಸಿಕೊಂಡ. ಒಂದು ಗಳಿಗೆ ಕಾದ. "ನಂದೇ ಏನೋ ಕೈ ತಪ್ಪಿರ್ಬೇಕು ಕಣಮ್ಮ. ಹಬ್ಬದ ರಶ್ಶು ನೋಡಿ. ಬಿಟ್ಟೋಗಿ, ಎಷ್ಟು ಸಿಕ್ತದೋ ತೆಗೀತೀನಿ."

"ಕೈ ತಪ್ಪೋದಾ! ಆರು ವರ್ಷದ ಕೆಲ್ಸ ಕಣ್ರೀ! ಒಂದ್ ತೋಳಿನ ಬ್ಲೌಸ್ ಹಾಕ್ಕೊಂಡು ಆ ಹುಡ್ಗಿ ಧಾರೆಗೆ ಕೂತ್ಕೊಬೇಕಾ? ಅಂಗಡಿ ಯಾಕ್ ಇಟ್ಕೊಂಡಿದೀರಿ, ಎತ್ಬುಡಿ!"

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ರಿಪೇರಿಗೆ ತಂದಿದ್ದ ಲ್ಯಾಪ್‌ಟಾಪನ್ನು ಮೆಲ್ಲಗೆ ಚೀಲಕ್ಕೆ ವಾಪಸು ಇಳಿಸಿದ. ಶಿವರಾಮು ತಲೆ ತಗ್ಗಿಸಿ ಒಂದು ಸ್ಕ್ರೂ ಹುಡುಕುತ್ತಿದ್ದ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಬಹುದಿತ್ತು ಎನಿಸಿತು ರುದ್ರಸ್ವಾಮಿಯವರಿಗೆ. ಆದರೆ ಉದಯಗಿರಿಯ ಭೂಮಿಯಲ್ಲಿ ಅಂಗಡಿಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಅದಕ್ಕೆ ಬಾಯಿ ಬಿಡಲೂ ಜಾಗವಿಲ್ಲ.

ವಾಪಸು ಬರುವಾಗ ಹೇಮಶ್ರೀ, "ನೀವೇ ನೋಡ್ಕೊಂಡಿದ್ರೆ ಹಿಂಗಾಗ್ತಿರ್ಲಿಲ್ಲ ಮಾವ. ಅವ್ರ ಕೈಗೆ ಕೊಟ್ಟಿದ್ದೇ ತಪ್ಪು" ಎಂದಳು. ಆ ಮಾತಿಗಿಂತ ಅವಳು ಸ್ಕೂಟರನ್ನು ಕಾರಂಜಿ ಕೆರೆಗೆ ಬಿಟ್ಟಿದ್ದರೆ ವಾಸಿಯಿತ್ತು.

ಅಲ್ಲಿಂದ ನಾಲ್ಕು ದಿನ ಅವರಿಗೆ ಅನ್ನ ಸೇರಲಿಲ್ಲ. ಬ್ಲೌಸು ತಡವೇಕೆಂದು ಕೇಳಿದ ಗಿರಾಕಿಗಳಿಗೆಲ್ಲ ಹೇಮಶ್ರೀ ಶಿವರಾಮುವಿನ ಹೆಸರು ಹೇಳಿದಳು. ಹೇಳಿದ್ದು ಹನ್ನೊಂದು ಮನೆಗೆ. ಹನ್ನೊಂದು ಮನೆಯವರು ಊರಿಗೇ ಹೇಳಿದರು. ಐದನೆಯ ದಿನ ಹಾಲಿನ ಬೂತಿನ ಹತ್ತಿರ, ತಮ್ಮ ಮನೆಯ ಬ್ಲೌಸನ್ನೂ ಹೇಮಶ್ರೀಗೆ ಕೊಟ್ಟಿದ್ದ, ಟ್ಯೂಷನ್ ಸೆಂಟರ್ ನಡೆಸುವ ವಿಜಯ್‌ಕುಮಾರ್ ಸಿಕ್ಕಿ, "ಒಳ್ಳೇದಾಯ್ತು ಸಾರ್ ಗೊತ್ತಾಗಿದ್ದು. ನಮ್ಮ ಸೆಂಟರಿನ ಇಪ್ಪತ್ತು ಕಂಪ್ಯೂಟರನ್ನ ಆ ಶಿವರಾಮೂಗೇ ವಹಿಸ್ಬೇಕು ಅಂತಿದ್ದೆ. ಬೇಡ ಅಂದ್ಬುಟ್ಟೆ. ನೀವು ಯಾರಾದ್ರೂ ನಂಬಿಕಸ್ಥರನ್ನ ಹೇಳಿ" ಎಂದರು.

ರುದ್ರಸ್ವಾಮಿಯವರು ಹಾಲನ್ನು ಅಲ್ಲೇ ಮರೆತು ಮನೆಗೆ ಬಂದರು. ಗಿರಿಜಾಂಬಾ ಬಾಗಿಲಲ್ಲೇ ನಿಂತಿದ್ದರು.

"ಹಾಲೆಲ್ಲಿ?"

ಇವರು ತಮ್ಮ ಖಾಲಿ ಕೈಯನ್ನು ನೋಡಿಕೊಂಡರು.

"ಅವತ್ತು ಜಂಬೂಸವಾರಿ ಹೊತ್ನಲ್ಲಿ ಒಳಕೋಣೆಗೆ ಇಣುಕಿ ನಿಮ್ ಮುಖ ನೋಡಿದೀನ್ರೀ ನಾನು. ಅಂಬಾರಿ ಜಾರಿ ತಲೆ ಮೇಲೆ ಬಿದ್ದೋರ ಥರ ಇತ್ತು. ಐದ್ ದಿನದಿಂದ ಸುಮ್ನಿದೀನಿ. ಇವತ್ತು ನೀವ್ ಹೇಳ್ತೀರೋ, ನಾನ್ ಹೇಳ್ಲೋ?"

ರುದ್ರಸ್ವಾಮಿಯವರು ಮುಂದಿನ ಕೋಣೆಗೆ ಹೋದರು. ಹೇಮಶ್ರೀ ಮುಗಿದ ಬಲತೋಳನ್ನು ಎದುರಿಗೆ ಹರಡಿಕೊಂಡು, ಅದನ್ನು ನೋಡಿ ನೋಡಿ ಹಂಸವನ್ನು ಮೊದಲಿನಿಂದ ಬರೆಯುತ್ತಿದ್ದಳು. ಕಣ್ಣು ಕೆಂಪಾಗಿತ್ತು. ಅವರು ನಿಂತೇ ಹೇಳಿದರು. ಚೀಟಿ, ನಂಬರು, ಕ್ಲೀನ್, ಎರಡನೆಯ ಕ್ಲೀನ್, ಶಿವರಾಮುವಿನ ಪರದೆ. ಕಡತವನ್ನು ಮೇಲಧಿಕಾರಿಗೆ ಓದಿ ಹೇಳುವವರ ಹಾಗೆ ಒಂದೂ ಬಿಡದೆ ಹೇಳಿದರು.

ಹೇಮಶ್ರೀ ಬಲತೋಳಿನ ಸುಕ್ಕನ್ನು ಅಂಗೈಯಲ್ಲಿ ಸವರಿ ತೆಗೆದಳು. ಆಮೇಲೆ, "ಅಷ್ಟು ಜನರ ಮುಂದೆ ಅಂಗಡಿ ಎತ್ಬುಡಿ ಅಂದ್ನಲ್ಲ ಮಾವ ನಾನು" ಎಂದಳು. "ಆ ಮಾತನ್ನ ನಾನು ಹೋಗಿ ವಾಪಸ್ ತಗೋತೀನಿ. ಮಿಕ್ಕ ಹನ್ನೊಂದು ಮನೆಗೆ ನೀವೇ ಹೋಗಿ ಹೇಳಿ." ಮತ್ತೆ ಪರದೆಯ ಕಡೆ ತಿರುಗಿದಳು. ಅವರಿಗೆ ಬೈಗುಳ ಬೇಕಾಗಿತ್ತು. ಸಿಗಲಿಲ್ಲ.

ಸಾಯಂಕಾಲ ಇಬ್ಬರೂ ಉದಯಗಿರಿಗೆ ಹೋದರು. ಹೇಮಶ್ರೀ ಅಂಗಡಿಯ ಮುಂದೆ, ಗಿರಾಕಿಗಳಿಗೆ ಕೇಳುವಂತೆ ತಪ್ಪೊಪ್ಪಿಕೊಂಡಳು. ಶಿವರಾಮು ನಾಚಿಕೊಂಡು ಟೀ ತರಿಸಿದ. ಡಿಸ್ಕಿನಿಂದ ಸುಮಾರು ಸಾವಿರದ ನಾನ್ನೂರು ಚಿತ್ತಾರ ಸಿಕ್ಕಿದ್ದವು, ಯಾವುದಕ್ಕೂ ಹೆಸರಿರಲಿಲ್ಲ. ಲಾಸ್ಯಳ ಹಂಸ ಸಿಕ್ಕಿರಲಿಲ್ಲ. ಅದಿದ್ದ ಜಾಗದ ಮೇಲೆ ಪ್ರವಚನ ಕೂತಿತ್ತು.

"ಅವತ್ತೇ ಯಾಕೆ ಹೇಳ್ಲಿಲ್ಲ ಶಿವರಾಮು?" ಎಂದು ಕೇಳಿದರು ರುದ್ರಸ್ವಾಮಿ.

"ಸೊಸೆ ಮುಂದೆ ನಿಮ್ ಹೆಸ್ರು ಎಂಗೇಳ್ಲಿ ಸಾರ್?" ಎಂದ ಶಿವರಾಮು. ಸ್ವಲ್ಪ ತಡೆದು, "ನೀವೇ ಹೇಳ್ತೀರಿ ಅಂತ ಕಾದೆ" ಎಂದ.

ಮಾರನೆಯ ದಿನದಿಂದ ಅವರು ಹನ್ನೊಂದು ಮನೆಯ ಯಾತ್ರೆ ಹೊರಟರು. ಮೊದಲ ಮನೆಯ ಗೇಟಿನ ಚಿಲಕ ತೆಗೆಯಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಒಳಗೆ ಹೋಗಿ ಹೇಳಿದರೆ ಆ ಮನೆಯವರು ನಕ್ಕರು! "ಅಯ್ಯೋ ಸಾರ್, ನಿಮ್ಮಂಥೋರಿಗೂ ಹಿಂಗಾಗುತ್ತಾ!" ಎಂದು ಕಾಫಿ ಕೊಟ್ಟರು. ಎರಡನೆಯ ಮನೆಯಲ್ಲಿ ನಿಪ್ಪಟ್ಟು ಕೊಟ್ಟರು. ಮೂರನೆಯದು ವಿಜಯ್‌ಕುಮಾರರದು. ಅವರು ಅಲ್ಲೇ ಫೋನು ತೆಗೆದು ಶಿವರಾಮುವಿಗೆ ಬರಹೇಳಿದರು. ನಾಲ್ಕನೆಯ ಮನೆಯ ಹೊತ್ತಿಗೆ ರುದ್ರಸ್ವಾಮಿಯವರಿಗೆ ಕಥೆ ಕೈಗೆ ಹತ್ತಿತು. ಅವಳಿ ಡಿಸ್ಕುಗಳು, ವಿಭೂತಿ, ಜವಾನ, ಕುಶಾಲತೋಪು, ಹಂಸದ ತಲೆ ಮೇಲೆ ಪ್ರವಚನ. ಏಳನೆಯ ಮನೆಯಲ್ಲಿ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಹತ್ತನೆಯ ಮನೆಯಲ್ಲಿ ಅಕ್ಕಪಕ್ಕದವರನ್ನೂ ಕರೆಸಿ ಇನ್ನೊಮ್ಮೆ ಹೇಳಿಸಿದರು. ಹೊರಗೆ ಬಂದಾಗ ಅವರ ಎದೆ ಹಗುರವಾಗಿತ್ತು. ತಪ್ಪೊಪ್ಪಿಕೊಳ್ಳುವುದು ಇಷ್ಟು ಸಲೀಸೆಂದು ಗೊತ್ತಿದ್ದರೆ ಇನ್ನೂ ನಾಲ್ಕು ತಪ್ಪು ಮಾಡಬಹುದಿತ್ತು ಎಂಬಷ್ಟು ಹಗುರ.

ಹನ್ನೊಂದನೆಯದು ಲಾಸ್ಯಳ ಮನೆ. ಎಡತೋಳನ್ನು ಹೇಮಶ್ರೀ ಅಂತೂ ಹೊಲಿದು ಮುಗಿಸಿ, ಹಿಂದಿನ ದಿನವಷ್ಟೇ ಬ್ಲೌಸು ಕೊಟ್ಟುಬಂದಿದ್ದಳು. ಮನೆಯಲ್ಲಿ ಲಾಸ್ಯ ಮತ್ತು ಅವಳ ಅಜ್ಜಿ ಮಂಚಮ್ಮ ಇದ್ದರು. ಮಂಚಮ್ಮನಿಗೆ ಎಂಬತ್ತು ದಾಟಿದೆ. ಜಗಲಿಯ ಮೇಲೆ ಮೊರವಿಟ್ಟುಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ರುದ್ರಸ್ವಾಮಿಯವರು ಎದುರಿಗೆ ಕೂತು ಕಥೆ ತೆಗೆದರು. ಜವಾನ ಬಂದ, ತೋಪು ಹಾರಿತು. ಲಾಸ್ಯ ಬಾಗಿಲಿಗೆ ಒರಗಿ ನಗುತ್ತಿದ್ದಳು. ಮಂಚಮ್ಮ ನಗಲಿಲ್ಲ. ಅವಳಿಗೆ ಡಿಸ್ಕು ಅರ್ಥವಾಗಿಲ್ಲವೇನೋ ಎಂದುಕೊಂಡು ಇವರು, "ಅಂದ್ರೆ ಅಜ್ಜಿ, ಒಂದು ಪೆಟ್ಟಿಗೆ ಬದ್ಲು ಇನ್ನೊಂದು ಪೆಟ್ಟಿಗೆ ಖಾಲಿ ಮಾಡ್ಬುಟ್ಟೆ" ಎಂದು ಬಿಡಿಸಿದರು.

"ಅದು ತಿಳೀತು ಕಣಪ್ಪ" ಎಂದಳು ಮಂಚಮ್ಮ. "ವಯಸ್ಸಾದ್ಮೇಲೆ ಯಾರ್ ಕೈ ತಪ್ಪಲ್ಲ? ನಿನ್ ಸೊಸೆ ಅಂಗಡೀಲಿ ಆ ಶಿವರಾಮೂನ ಬೈದ್ಲಂತಲ್ಲ, ಆಗ ನೀನೆಲ್ಲಿದ್ದೆ?"

"ಅಲ್ಲೇ ಇದ್ದೆ."

"ನಿಂಗಾಗ್ಲೇ ಗೊತ್ತಿತ್ತಾ?"

ಹತ್ತು ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವರೂ ಆ ಜಾಗಕ್ಕೆ ಬಂದಾಗ ಪ್ರತಿಸಲ ಯಾವುದೋ ತಮಾಷೆಯ ಬೆನ್ನೇರಿ ದಾಟಿಬಿಟ್ಟಿದ್ದರು. ಈಗಲೂ ಬಾಯಲ್ಲೊಂದು ತಮಾಷೆ ಸಿದ್ಧವಾಗಿತ್ತು. ಲಾಸ್ಯ ನಗುವುದನ್ನು ನಿಲ್ಲಿಸಿದ್ದಳು.

"ಗೊತ್ತಿತ್ತು ಅಜ್ಜಿ" ಎಂದರು.

ಮಂಚಮ್ಮ ಮೊರದ ಮೇಲೆ ಬಗ್ಗಿದಳು. ಕೈಯಲ್ಲಿದ್ದ ಕಡ್ಡಿಯಿಂದ ಎಲೆ ಕಿತ್ತು ಮೊರಕ್ಕೆ ಹಾಕಿದಳು. ಇನ್ನೊಂದು ಕಡ್ಡಿ ತೆಗೆದುಕೊಂಡಳು. ಲಾಸ್ಯ ಒಳಗೆ ಹೋಗಿ ಕಾಫಿ ತಂದಿಟ್ಟಳು. ರುದ್ರಸ್ವಾಮಿಯವರು ಆ ಕುದಿಯುವ ಕಾಫಿಯನ್ನು ಊದದೆ, ಆರಿಸದೆ ಒಂದೇ ಗುಟುಕಿಗೆ ಕುಡಿದು ಎದ್ದರು. ನಾಲಿಗೆಯಿಂದ ಹೊಟ್ಟೆಯವರೆಗೆ ಸುಟ್ಟಿತು. ಸುಡಲಿ ಎಂದುಕೊಂಡು ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿ, ತಲೆಯೆತ್ತದೆ ಮನೆಯ ದಾರಿ ಹಿಡಿದರು.